ಫೈನಲ್ ಫ್ಯಾಂಟಸಿ ಆಡುವುದಾದರೆ ಐದನೆಯದರಿಂದ ಶುರು ಮಾಡಿ

ಫೈನಲ್ ಫ್ಯಾಂಟಸಿ ಎಂಬ ಜಪಾನಿನ ವಿಡಿಯೊ ಗೇಮ್ ಸರಣಿ ಎಂದ ಕೂಡಲೇ ಮಾತು ಏಳನೆಯ ಭಾಗಕ್ಕೆ ಹೋಗುತ್ತದೆ. ಕ್ಲೌಡ್ ಹೊತ್ತ ದೊಡ್ಡ ಕತ್ತಿ, ಏರಿತ್ ಸಾವು, ಸೆಫಿರಾತ್‌ನ ಬೆಳ್ಳಿ ಕೂದಲು. 1997ರಲ್ಲಿ ಮೂರು ಸಿ.ಡಿ.ಗಳಲ್ಲಿ ಬಂದ ಆ ಆಟದಿಂದಲೇ ಎಷ್ಟೋ ಜನಕ್ಕೆ ಜಪಾನಿನ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ಆಟ) ಎಂದರೇನು ಎಂದು ಗೊತ್ತಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೊಸದಾಗಿ ಈ ಸರಣಿಗೆ ಕೈ ಹಾಕುವವರಿಗೆ ನಾನು ಹೇಳುವುದು ಒಂದೇ: ಐದನೆಯದನ್ನು ಮೊದಲು ಆಡಿ. 1992ರ ಡಿಸೆಂಬರ್ 6ರಂದು ಸೂಪರ್ ಫ್ಯಾಮಿಕಾಮ್ ಎಂಬ ನಿಂಟೆಂಡೊ ಆಟದ ಯಂತ್ರಕ್ಕೆ ಬಂದ ಆಟ ಅದು. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಈ ಸರಣಿಯನ್ನು ಬಹಳ ವರ್ಷ ಆಡಿದವರು ಒಂದು ಕಡೆ ಸೇರಿದರೆ ಕಥೆಯ ಮಾತು ಬೇಗ ಮುಗಿಯುತ್ತದೆ. ಆಮೇಲೆ ಹೊತ್ತು ಹೋಗುವುದು ಲೆಕ್ಕದಲ್ಲಿ. ಯಾವ ಜಾಬ್‌ಗೆ (ಪಾತ್ರ ಮಾಡುವ ಕಸುಬಿಗೆ) ಯಾವ ಸಾಮರ್ಥ್ಯ ಜೋಡಿಸಿದೆ, ಯಾವ ಬಾಸ್ (ದೊಡ್ಡ ಶತ್ರು) ಯಾವ ಏಟಿಗೆ ಬಿತ್ತು, ಯಾವ ಪೆಟ್ಟಿಗೆಯನ್ನು ತಪ್ಪಿಸಿಕೊಂಡೆ. ಯಾಕೆಂದರೆ ಇಲ್ಲಿ ಭಾಗದಿಂದ ಭಾಗಕ್ಕೆ ಲೋಕ ಬದಲಾಗುವಂತೆ ಆಟದ ನಿಯಮಗಳೂ ಬುಡದಿಂದ ಬದಲಾಗುತ್ತವೆ. ಇದಕ್ಕಿಂತ ಒಂದು ವರ್ಷ ಮೊದಲು ಹುಟ್ಟಿದ ಡ್ರ್ಯಾಗನ್ ಕ್ವೆಸ್ಟ್ ಎಂಬ ಇನ್ನೊಂದು ಸರಣಿ ತನ್ನ ಹಳೆಯ ಕ್ರಮವನ್ನು ಜೋಪಾನ ಮಾಡಿಕೊಂಡು ಬಂತು. ಫೈನಲ್ ಫ್ಯಾಂಟಸಿ ಮಾಡಿದ ಸ್ಕ್ವೇರ್ ಕಂಪನಿಯವರು ಪ್ರತಿ ಸಲವೂ ಹಳೆಯದನ್ನು ಬಿಚ್ಚಿ ಹೊಸದಾಗಿ ಕಟ್ಟಿದರು.

ಮೊದಲನೆಯದು 1987ರ ಡಿಸೆಂಬರ್ 18ರಂದು ಫ್ಯಾಮಿಕಾಮ್‌ಗೆ ಬಂತು. ಹಿರೊನೊಬು ಸಕಾಗುಚಿ ನಿರ್ದೇಶನ, ನೊಬುವೊ ಉಎಮಾತ್ಸು ಸಂಗೀತ, ಯೊಶಿತಾಕ ಅಮಾನೊ ಚಿತ್ರಗಳು, ಪ್ರೋಗ್ರಾಮ್ ಬರೆದದ್ದು ಇರಾನ್ ಮೂಲದ ನಾಸಿರ್ ಗೆಬೆಲ್ಲಿ. ಅದರಲ್ಲಿ ಮಂತ್ರಗಳಿಗೆ ಎಂಪಿ (ಮಂತ್ರ ಹಾಕಲು ಖರ್ಚಾಗುವ ಅಂಕ) ಇಲ್ಲ. ಒಂದರಿಂದ ಎಂಟರವರೆಗಿನ ಪ್ರತಿ ದರ್ಜೆಗೂ ಇಷ್ಟು ಸಲ ಎಂದು ಎಣಿಕೆ. ನಾಲ್ವರಿಗೂ ಒಂದೇ ಶತ್ರುವನ್ನು ಹೊಡೆಯಲು ಹೇಳಿ, ಎರಡನೆಯವರ ಏಟಿಗೇ ಅದು ಸತ್ತರೆ ಉಳಿದಿಬ್ಬರ ಏಟು ಗಾಳಿಗೆ. ಹಾಗಾಗಿ ಹಂಚಿ ಹೊಡೆಯುವುದನ್ನು ಕಲಿಯದೆ ಮುಂದೆ ಹೋಗುವಂತಿರಲಿಲ್ಲ. ಆ ಹಳೆಯ ಕಾರ್ಟ್ರಿಜ್‌ನಲ್ಲಿ ತಪ್ಪುಗಳೂ ಇದ್ದವು. ಬುದ್ಧಿಶಕ್ತಿಯ ಅಂಕಕ್ಕೆ ಮಂತ್ರದ ಬಲದ ಮೇಲೆ ಏನೂ ಪರಿಣಾಮ ಇರಲಿಲ್ಲ. ಕತ್ತಿಯ ಕ್ರಿಟಿಕಲ್ ಏಟಿನ (ಆಗಾಗ ಬೀಳುವ ವಿಶೇಷ ಬಲದ ಏಟಿನ) ಪ್ರಮಾಣವನ್ನು ಓದಬೇಕಾದ ಕಡೆ ಪ್ರೋಗ್ರಾಮ್ ಆ ಕತ್ತಿಯ ಕ್ರಮಸಂಖ್ಯೆಯನ್ನು ಓದುತ್ತಿತ್ತು. ಪಟ್ಟಿಯಲ್ಲಿ ಕೆಳಗಿರುವ ಆಯುಧಕ್ಕೆ ಸುಮ್ಮನೆ ಹೆಚ್ಚು ಕ್ರಿಟಿಕಲ್. ಪ್ರವೋಕ ಊರಿನ ಈಶಾನ್ಯಕ್ಕಿರುವ ಸಣ್ಣ ಭೂಶಿರವಂತೂ ಎಲ್ಲರಿಗೂ ನೆನಪಿರುತ್ತದೆ. ಯಾವ ಜಾಗದಲ್ಲಿ ಯಾವ ಶತ್ರು ಎನ್ನುವುದನ್ನು ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿ ತೀರ್ಮಾನಿಸಿದ್ದರಿಂದ, ಮುಂದಿನ ಪ್ರದೇಶದ ಬಲಶಾಲಿ ಶತ್ರುಗಳು ಆ ತುದಿಯಲ್ಲಿ ಬಹಳ ಬೇಗ ಸಿಗುತ್ತಿದ್ದವು. ತಾಳಿಕೊಳ್ಳುವ ಪಾರ್ಟಿಗೆ (ನಿಮ್ಮ ತಂಡಕ್ಕೆ) ಅದು ಅನುಭವಾಂಕಗಳ ಗಣಿ.

ಎರಡನೆಯದರಲ್ಲಿ (1988) ಲೆವೆಲ್ಲೇ ಇಲ್ಲ. ಕತ್ತಿ ಬೀಸಿದರೆ ಕತ್ತಿಯ ಪಳಗು, ಪೆಟ್ಟು ತಿಂದರೆ ಎಚ್‌ಪಿ (ಜೀವದ ಅಂಕ) ಬೆಳೆಯುತ್ತದೆ. ಆಡುವವರು ತಮ್ಮವರನ್ನೇ ಹೊಡೆದು ಎಚ್‌ಪಿ ಬೆಳೆಸಿಕೊಂಡರು. ಮೂರನೆಯದು (1990) ಬೇಕಾದಾಗ ಜಾಬ್ ಬದಲಿಸುವ ವ್ಯವಸ್ಥೆ ತಂದಿತು. ನಾಲ್ಕನೆಯದರಲ್ಲಿ (1991) ಹಿರೊಯುಕಿ ಇಟೊ ಆಕ್ಟಿವ್ ಟೈಮ್ ಬ್ಯಾಟಲ್ ತಂದರು. ಪ್ರತಿಯೊಬ್ಬರ ಸರದಿಯೂ ಅವರವರ ವೇಗಕ್ಕೆ ತಕ್ಕಂತೆ ಬರುತ್ತದೆ, ನೀವು ಯೋಚಿಸುತ್ತಾ ಕುಳಿತರೆ ಶತ್ರು ಕಾಯುವುದಿಲ್ಲ. ಫಾರ್ಮುಲಾ ಒನ್ ಕಾರುಗಳ ಓಟದಿಂದ ಅವರಿಗೆ ಹೊಳೆದ ಉಪಾಯ ಅದು. ಈ ಎರಡನ್ನೂ, ಮೂರರ ಜಾಬ್ ಮತ್ತು ನಾಲ್ಕರ ಸಮಯವನ್ನು, ಒಂದೇ ಆಟದಲ್ಲಿ ಬೆಸೆದದ್ದು ಐದನೆಯದು. ಸರದಿಯ ಪಟ್ಟಿ ತುಂಬುತ್ತಾ ಬರುವುದು ಕಣ್ಣಿಗೆ ಕಾಣಿಸತೊಡಗಿದ್ದೂ ಇದರಿಂದಲೇ.

ಈಗ ಐದನೆಯದರ ಲೆಕ್ಕಕ್ಕೆ ಬರೋಣ. ಬಾರ್ಟ್ಸ್, ಲೆನಾ, ಫ್ಯಾರಿಸ್, ಗಲುಫ್ ಎಂಬ ನಾಲ್ವರು. ಗಾಳಿ, ನೀರು, ಬೆಂಕಿ, ಭೂಮಿಯ ಸ್ಫಟಿಕಗಳು ಒಡೆದಂತೆಲ್ಲ ಚೂರುಗಳಿಂದ ಜಾಬ್‌ಗಳು ಸಿಗುತ್ತವೆ. ಮೂಲ ಆಟದಲ್ಲಿ ಒಟ್ಟು 22. ಗಾಳಿಯ ಸ್ಫಟಿಕ ಒಡೆದಾಗಲೇ ನೈಟ್, ಮಾಂಕ್, ಥೀಫ್, ವೈಟ್ ಮೇಜ್, ಬ್ಲ್ಯಾಕ್ ಮೇಜ್, ಬ್ಲೂ ಮೇಜ್ ಎಂಬ ಆರು ಒಟ್ಟಿಗೆ ಕೈಗೆ ಬರುತ್ತವೆ. ಕಾಳಗದಿಂದ ಎರಡು ಬಗೆಯ ಗಳಿಕೆ: ಅನುಭವದ ಅಂಕದಿಂದ ಪಾತ್ರದ ಲೆವೆಲ್, ಎಬಿಪಿಯಿಂದ ಜಾಬ್‌ನ ಲೆವೆಲ್. ಒಂದು ಜಾಬ್‌ನಲ್ಲಿ ಕಲಿತದ್ದನ್ನು ಇನ್ನೊಂದು ಜಾಬ್‌ನ ಖಾಲಿ ಜಾಗದಲ್ಲಿ ಹಾಕಿಕೊಳ್ಳಬಹುದು. ಇಡೀ ಆಟ ನಿಂತಿರುವುದು ಆ ಒಂದೇ ಒಂದು ಖಾಲಿ ಜಾಗದ ಮೇಲೆ.

ಹೊಸಬರು ಎಡವುವುದು ಇಲ್ಲೇ. ಬಾಸ್ ಕಷ್ಟವಾಯಿತು ಎಂದು ಲೆವೆಲ್ ಏರಿಸುತ್ತಾ ಕೂರುತ್ತಾರೆ. ಲೆವೆಲ್ ಏರಿದರೆ ಎಚ್‌ಪಿ, ಎಂಪಿ ಹೆಚ್ಚುತ್ತವೆ, ಏಟಿನ ಲೆಕ್ಕಕ್ಕೂ ಸ್ವಲ್ಪ ಸೇರುತ್ತದೆ. ಆದರೆ ಶಕ್ತಿ, ಚುರುಕು, ಮಂತ್ರಬಲ ಮುಂತಾದ ಅಂಕಗಳು ಲೆವೆಲ್ ಜೊತೆ ಬೆಳೆಯುವುದೇ ಇಲ್ಲ. ಅವು ಪಾತ್ರ ಮತ್ತು ಜಾಬ್‌ನಿಂದ ಬರುತ್ತವೆ. ಐದು ಲೆವೆಲ್ ಏರಿಸಿದರೂ ಬಗ್ಗದ ಬಾಸ್, ಇಬ್ಬರ ಜಾಬ್ ಬದಲಿಸಿದರೆ ಎರಡು ನಿಮಿಷಕ್ಕೆ ಬೀಳುತ್ತದೆ. ಕೆಲವು ಸಾಮರ್ಥ್ಯಗಳು ಜಾಬ್‌ನ ಅಂಕವನ್ನೂ ಜೊತೆಗೆ ಹೊತ್ತು ತರುತ್ತವೆ. ಮಾಂಕ್‌ನಲ್ಲಿ ಬರಿಗೈ ಹೊಡೆತ ಕಲಿತು ಅದನ್ನು ಬ್ಲ್ಯಾಕ್ ಮೇಜ್‌ಗೆ ಕೊಟ್ಟು ನೋಡಿ, ಮಾಂಕ್‌ನ ಶಕ್ತಿಯೂ ಬಂದು ಸೇರಿ ಮಂತ್ರಗಾರನೇ ಗುದ್ದಿ ಬೀಳಿಸುತ್ತಾನೆ.

ಮೊದಲ ಬಾಸ್ ವಿಂಗ್ ರ್ಯಾಪ್ಟರ್‌ನಿಂದಲೇ ಪಾಠ ಶುರು. ಅದು ರೆಕ್ಕೆ ಮುಚ್ಚಿಕೊಂಡಾಗ ಹೊಡೆದರೆ ತಿರುಗಿ ಜೋರಾಗಿ ಹೊಡೆಯುತ್ತದೆ. ರೆಕ್ಕೆ ಬಿಚ್ಚುವವರೆಗೆ ಕಾಯಬೇಕು. ಮುಂದೆ ಮರಳುಗಾಡಿನ ಸ್ಯಾಂಡ್‌ವರ್ಮ್ ಮೂರು ಗುಂಡಿಗಳಲ್ಲಿ ತಲೆ ಎತ್ತುತ್ತದೆ. ಖಾಲಿ ಗುಂಡಿಗೆ ಏಟು ಬಿದ್ದರೆ ಗ್ರ್ಯಾವಿಟಿ ಮಂತ್ರ ತಿರುಗಿ ಬರುತ್ತದೆ. ನಿಮ್ಮ ಮಾತು ಕೇಳದೆ ಸಿಕ್ಕಸಿಕ್ಕಲ್ಲಿ ಬೀಸುವ ಬರ್ಸರ್ಕರ್ ಪಾರ್ಟಿಯಲ್ಲಿದ್ದರೆ ಈ ಕಾಳಗ ಯಾಕೆ ಸಂಕಟವಾಗುತ್ತದೆ ಎಂದು ಈಗ ತಿಳಿದಿರಬೇಕು. ಆಟೊಮೊಸ್ ಇನ್ನೊಂದು ಬಗೆ. ಮೇಲಿಂದ ಮೇಲೆ ಕಾಮೆಟ್ ಎಂಬ ಮಂತ್ರ ಸುರಿಸಿ ಒಬ್ಬೊಬ್ಬರನ್ನೇ ಕೊಲ್ಲುತ್ತದೆ, ಸತ್ತವರನ್ನು ಮೆಲ್ಲಗೆ ಬಾಯಿಯ ಕಡೆಗೆ ಎಳೆದುಕೊಳ್ಳುತ್ತದೆ. ಗಾಬರಿಯಾಗಿ ತಕ್ಷಣ ಬದುಕಿಸಿದರೆ ಮತ್ತೆ ಕಾಮೆಟ್. ಎಳೆಯುತ್ತಿರುವಷ್ಟು ಹೊತ್ತು ಅದು ಕಾಮೆಟ್ ಹಾಕುವುದಿಲ್ಲ! ಬಿದ್ದವರನ್ನು ಹಾಗೇ ಬಿಟ್ಟು ಉಳಿದ ಮೂವರೂ ಹೊಡೆಯಬೇಕು, ಬಾಯಿಗೆ ತಲುಪುವ ಮೊದಲು ಸತ್ತವರನ್ನು ಬದುಕಿಸುವ ಫೀನಿಕ್ಸ್ ಡೌನ್ ಹಾಕಬೇಕು. ಇಂಥದ್ದನ್ನು ತಾವಾಗಿ ಕಂಡುಕೊಂಡವರು ಅದನ್ನು ಮರೆಯುವುದಿಲ್ಲ.

ಬ್ಲೂ ಮೇಜ್‌ನನ್ನು ಶುರುವಿನಿಂದಲೇ ಒಬ್ಬರಿಗೆ ಹಾಕಿ. ಶತ್ರುವಿನ ಮಂತ್ರವನ್ನು ಮೈಮೇಲೆ ಹಾಕಿಸಿಕೊಂಡು ಕಲಿಯುವ ಜಾಬ್ ಅದು. ಉತ್ತರದ ಬೆಟ್ಟದ ಮಗಿಸಾ ಏರೋ ಎಂಬ ಗಾಳಿಯ ಮಂತ್ರ ಹಾಕುತ್ತಾಳೆ, ಅಲ್ಲೇ ಕಲಿಯಬಹುದು. ವೈಟ್ ವಿಂಡ್ ಇಡೀ ಪಾರ್ಟಿಗೆ ಔಷಧಿ, ಆದರೆ ಹಾಕುವವರ ಬಳಿ ಆಗ ಎಷ್ಟು ಎಚ್‌ಪಿ ಇದೆಯೋ ಅಷ್ಟನ್ನೇ ಉಳಿದವರಿಗೆ ಕೊಡುತ್ತದೆ. ಸಾಯುವ ಹಂತದಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಲೆವೆಲ್ 5 ಡೆತ್ ಐದರಿಂದ ಭಾಗವಾಗುವ ಲೆವೆಲ್ ಇರುವ ಶತ್ರುಗಳನ್ನು ಒಂದೇ ಸಲಕ್ಕೆ ಮುಗಿಸುತ್ತದೆ. ಪುರಾತನ ಗ್ರಂಥಾಲಯದಲ್ಲಿ ಪೇಜ್ 64 ಎಂಬ ಶತ್ರು ಅದನ್ನೇ ನಿಮ್ಮ ಮೇಲೆ ಹಾಕುತ್ತದೆ. ನಾಲ್ವರ ಲೆವೆಲ್ಲೂ ಐದರ ಮಗ್ಗಿಯಲ್ಲಿದ್ದರೆ ಆಟ ಅಲ್ಲಿಗೇ ಮುಗಿಯಿತು, ಒಳಗೆ ಕಾಲಿಡುವ ಮುಂಚೆ ಲೆವೆಲ್ ನೋಡಿಕೊಳ್ಳಿ. ಬಾಲ್ ಕೋಟೆಯ ನೆಲಮಾಳಿಗೆಯ ಕಲ್ಲಿನ ಗೊಂಬೆಗಳ ಮೇಲೆ ಇದೇ ಮಂತ್ರ ನಡೆಯುತ್ತದೆ, ಎಬಿಪಿ ಗಳಿಸಲು ಅದಕ್ಕಿಂತ ಸಲೀಸಾದ ಜಾಗ ಮಧ್ಯಭಾಗದಲ್ಲಿ ಇನ್ನೊಂದಿಲ್ಲ. ಬೀಸ್ಟ್‌ಮಾಸ್ಟರ್‌ನ ಕಂಟ್ರೋಲ್ ಕಲಿತವರಿಗೆ ಇನ್ನೂ ಒಂದು ದಾರಿ ಇದೆ: ಶತ್ರುವನ್ನು ವಶ ಮಾಡಿಕೊಂಡು, ಬೇಕಾದ ಮಂತ್ರವನ್ನು ನಿಮ್ಮ ಬ್ಲೂ ಮೇಜ್ ಮೇಲೆ ಅದರಿಂದಲೇ ಹಾಕಿಸುವುದು.

ಎಬಿಪಿಯನ್ನು ಹರಡಬೇಡಿ. ಶುರುವಿನ ಕಾಳಗಗಳಲ್ಲಿ ಒಂದೋ ಎರಡೋ ಎಬಿಪಿ ಸಿಗುತ್ತದೆ. ನಿಂಜಾದ ಕೊನೆಯ ಸಾಮರ್ಥ್ಯ, ಎರಡು ಕೈಯಲ್ಲೂ ಆಯುಧ ಹಿಡಿಯುವುದಕ್ಕೆ, 450 ಬೇಕು. ಒಂದೇ ಸರದಿಯಲ್ಲಿ ನಾಲ್ಕು ಏಟು ಹಾಕುವ ರೇಂಜರ್‌ನ ರ್ಯಾಪಿಡ್ ಫೈರ್‌ಗೆ 405. ಮೊದಲ ಲೋಕದಲ್ಲಿ ಹುಚ್ಚೆದ್ದು ಗ್ರೈಂಡ್ ಮಾಡುವುದು (ಅಂಕಕ್ಕಾಗಿ ಅದೇ ಕಾಳಗಗಳನ್ನು ಮತ್ತೆ ಮತ್ತೆ ಆಡುವುದು) ದಂಡ, ಕಥೆ ಮುಂದೆ ಹೋದಂತೆ ಎಬಿಪಿ ತಾನಾಗಿ ಹೆಚ್ಚುತ್ತದೆ. ಆದರೆ ಗುರಿ ಮನಸ್ಸಿನಲ್ಲಿರಲಿ. ಪೂರ್ತಿ ಕಲಿತ ಜಾಬ್‌ಗಳ ಅತ್ಯುತ್ತಮ ಅಂಕಗಳೂ ಸಹಜ ಗುಣಗಳೂ ಫ್ರೀಲ್ಯಾನ್ಸರ್‌ಗೆ ತಾವಾಗಿ ಬಂದು ಸೇರುತ್ತವೆ, ಮೇಲೆ ಎರಡು ಖಾಲಿ ಜಾಗ. ಆಟದ ಶುರುವಿನಲ್ಲಿ ಏನೂ ಗೊತ್ತಿಲ್ಲದವರ ಜಾಬ್ ಆಗಿದ್ದದ್ದು ಕೊನೆಯಲ್ಲಿ ಎಲ್ಲ ಕಲಿತವರ ಜಾಬ್ ಆಗುತ್ತದೆ. ಇಡೀ ಸರಣಿಯಲ್ಲಿ ನನಗೆ ಬಹಳ ಇಷ್ಟವಾದ ಕಲ್ಪನೆ ಇದು. ನಿಂಜಾ ಪೂರ್ತಿಯಾದ ಫ್ರೀಲ್ಯಾನ್ಸರ್‌ಗೆ ಮಿಸ್ಟಿಕ್ ನೈಟ್‌ನ ಸ್ಪೆಲ್‌ಬ್ಲೇಡ್ (ಕತ್ತಿಗೆ ಮಂತ್ರ ಲೇಪಿಸುವುದು) ಮತ್ತು ರ್ಯಾಪಿಡ್ ಫೈರ್ ಕೊಡಿ. ಎರಡು ಕತ್ತಿಯಿಂದ ನಾಲ್ಕು ನಾಲ್ಕರಂತೆ ಎಂಟು ಏಟು. ಪ್ರತಿ ಏಟಿನ ಬಲ ಅರ್ಧವಾದರೂ ಶತ್ರುವಿನ ರಕ್ಷಣೆ ಲೆಕ್ಕಕ್ಕೇ ಬರುವುದಿಲ್ಲ, ಗುರಿಯೂ ತಪ್ಪುವುದಿಲ್ಲ. ಒಮೆಗಾ ಎಂಬ ಯಂತ್ರರಾಕ್ಷಸನಿಗೆ ಸಿಡಿಲು ಆಗದು. ಕತ್ತಿಗೆ ಥಂಡಾಗ ಎಂಬ ಸಿಡಿಲಿನ ಮಂತ್ರ ಲೇಪಿಸಿ ಹೀಗೆ ಹೊಡೆಯುವುದು ಹೆಚ್ಚಿನವರು ಹಿಡಿದ ದಾರಿ.

ಗಿಲ್ಗಮೇಶ್ ಎಂಬ ಎದುರಾಳಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ದೊಡ್ಡ ಸೇತುವೆಯ ಮೇಲೆ ಅವನು ಎದುರಾಗುವಾಗ ಬರುವ ಉಎಮಾತ್ಸು ಸಂಗೀತ ಹನ್ನೆರಡನೆಯದರಲ್ಲೂ ಹದಿನಾಲ್ಕನೆಯದರಲ್ಲೂ ಮತ್ತೆ ಕೇಳಿಸಿತು. ಅವನಿಂದ ಗೆಂಜಿ ಉಪಕರಣಗಳನ್ನು ಕದಿಯಬಹುದು, ಥೀಫ್ ಸಾಮರ್ಥ್ಯ ಇಲ್ಲದೆ ಹೋದರೆ ಕೈತಪ್ಪಿದ್ದು ಕೈತಪ್ಪಿದ್ದೇ. ಎಕ್ಸ್‌ಕ್ಯಾಲಿಬರ್ ಎಂದುಕೊಂಡು ಅವನು ಹಿಡಿದ ಎಕ್ಸ್‌ಕ್ಯಾಲಿಪರ್‌ನಿಂದ ಹೊಡೆದರೆ ಒಂದೇ ಒಂದು ಅಂಕದ ಪೆಟ್ಟು. ಅದೇ ಕತ್ತಿಯ ಬಲ ಮಾತ್ರ ಪಟ್ಟಿಯಲ್ಲಿ 100. ನಿಂಜಾ ಅದನ್ನು ಎಸೆದರೆ, ಅಥವಾ ಅದನ್ನು ಹಿಡಿದವರು ಬ್ಲೂ ಮೇಜ್ ಕಲಿಯುವ ಗಾಬ್ಲಿನ್ ಪಂಚ್ ಹಾಕಿದರೆ ಪೂರ್ತಿ ಬಲ ಹೊರಬರುತ್ತದೆ. ಶತ್ರುವಿನ ಲೆವೆಲ್ಲೂ ಹೊಡೆಯುವವರ ಲೆವೆಲ್ಲೂ ಒಂದೇ ಆಗಿದ್ದರೆ ಗಾಬ್ಲಿನ್ ಪಂಚ್ ಎಂಟು ಪಟ್ಟು. ನಗೆಗೆಂದು ಇಟ್ಟ ವಸ್ತುವಿನ ಒಳಗೂ ಸರಿಯಾದ ಲೆಕ್ಕ ಇಟ್ಟಿದ್ದಾರಲ್ಲ, ಅದು ದೊಡ್ಡತನ.

ಈ ಆಟ ಇಷ್ಟು ವರ್ಷ ಬದುಕಿರುವುದಕ್ಕೆ ಒಂದು ಸಾಕ್ಷಿ ಅಭಿಮಾನಿಗಳ ಫೋರ್ ಜಾಬ್ ಫಿಯೆಸ್ಟಾ. ಪ್ರತಿ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ನಡೆಯುತ್ತದೆ, ದತ್ತಿ ಹಣವೂ ಕೂಡುತ್ತದೆ. ಒಂದೊಂದು ಸ್ಫಟಿಕದಿಂದ ಒಂದೊಂದು ಜಾಬ್ ಚೀಟಿ ಎತ್ತಿದಂತೆ ನಿಮಗೆ ಬರುತ್ತದೆ. ಆ ನಾಲ್ಕರಲ್ಲೇ ಆಟ ಮುಗಿಸಬೇಕು. ಕೆಮಿಸ್ಟ್ ಬಂದವರು ಅದೃಷ್ಟವಂತರು, ಎರಡು ವಸ್ತು ಬೆರೆಸಿ ಮಾಡುವ ಔಷಧಿಗಳಲ್ಲಿ ಮುಕ್ಕಾಲು ಪಾಲು ಕಷ್ಟಗಳಿಗೆ ಉತ್ತರ ಇದೆ. ಬರ್ಸರ್ಕರ್ ಬಂದವರು ಸ್ಯಾಂಡ್‌ವರ್ಮ್‌ನ ಬಗ್ಗೆ ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಬೇಕು. ಯಾವ ನಾಲ್ಕು ಬಂದರೂ ಆಟ ಮುಗಿಸಲು ಸಾಧ್ಯ. 22 ಜಾಬ್‌ಗಳ ಆಟವನ್ನು ಅಷ್ಟು ಗಟ್ಟಿಯಾಗಿ ಕಟ್ಟುವುದು ಸಣ್ಣ ಕೆಲಸವಲ್ಲ.

ಸರಣಿಯ ಎಲ್ಲ ನಿಯಮಗಳೂ ಹೀಗೆ ಚೆನ್ನಾಗಿವೆ ಎನ್ನಲಾರೆ. ಹತ್ತನೆಯದರಲ್ಲಿ ಲುಲುವಿನ ಆಯುಧಕ್ಕೆ ಬೇಕಾದ ಮುದ್ರೆ ಸಿಗಬೇಕಾದರೆ ಸತತ 200 ಸಿಡಿಲು ತಪ್ಪಿಸಿಕೊಳ್ಳಬೇಕು; ಅದರಲ್ಲಿ ಯೋಚನೆಗೆ ಕೆಲಸವೇ ಇಲ್ಲ, ಬೆರಳಿಗೆ ಶಿಕ್ಷೆ ಅಷ್ಟೇ. ಹನ್ನೆರಡನೆಯದರ ಮೂಲ ಆವೃತ್ತಿಯಲ್ಲಿ ಜೋಡಿಯಾಕ್ ಸ್ಪಿಯರ್ ಬೇಕಿದ್ದರೆ ಬೇರೆಬೇರೆ ಕಡೆಯ ನಾಲ್ಕು ಪೆಟ್ಟಿಗೆಗಳನ್ನು ತೆರೆಯಲೇಬಾರದು, ಆ ನಾಲ್ಕು ಯಾವುವು ಎಂದು ಆಟ ಎಲ್ಲೂ ಹೇಳುವುದಿಲ್ಲ. ಪೆಟ್ಟಿಗೆ ಕಂಡರೆ ತೆರೆಯಬೇಕು ಎಂದು ಇಪ್ಪತ್ತು ವರ್ಷ ಕಲಿಸಿದವರೇ ಹೀಗೆ ಮಾಡಬಾರದಿತ್ತು. ಎಂಟನೆಯದರಲ್ಲಿ ನಿಮ್ಮ ಲೆವೆಲ್ ಜೊತೆ ಶತ್ರುಗಳ ಲೆವೆಲ್ಲೂ ಏರುವುದರಿಂದ ಹಳೆಯ ಅಭ್ಯಾಸದವರು ಗ್ರೈಂಡ್ ಮಾಡಿದಷ್ಟೂ ಸೋತರು. ಅದನ್ನು ನಾನು ತಪ್ಪು ಎನ್ನುವುದಿಲ್ಲ, ಮಂತ್ರಗಳನ್ನು ಜಂಕ್ಷನ್ ಮಾಡುವುದು (ಪಾತ್ರದ ಅಂಕಗಳಿಗೆ ಜೋಡಿಸುವುದು) ತಿಳಿದರೆ ಅದೂ ಒಂದು ಸೊಗಸಾದ ಲೆಕ್ಕ. ಆದರೆ ಮೊದಲ ಆಟವಾಗಿ ಬೇಡ.

ಐದನೆಯದು ಅಧಿಕೃತವಾಗಿ ಇಂಗ್ಲಿಷಿಗೆ ಬಂದದ್ದು 1999ರಲ್ಲಿ, ಪ್ಲೇಸ್ಟೇಷನ್‌ನ ಆಂಥಾಲಜಿಯಲ್ಲಿ. ಅದಕ್ಕೂ ಮುಂಚೆ ಅಭಿಮಾನಿಗಳೇ ಅನುವಾದಿಸಿ ಎಮ್ಯುಲೇಟರ್‌ನಲ್ಲಿ ಆಡಿದರು. ಅಮೆರಿಕದಲ್ಲಿ ನಾಲ್ಕನೆಯದನ್ನು ಎರಡು ಎಂದೂ ಆರನೆಯದನ್ನು ಮೂರು ಎಂದೂ ಮಾರಿದ್ದರಿಂದ ಐದು ಎನ್ನುವ ಆಟ ಇದೆ ಎಂದೇ ಅನೇಕರಿಗೆ ಗೊತ್ತಿರಲಿಲ್ಲ. 2006ರ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ನಾಲ್ಕು ಜಾಬ್ ಹೆಚ್ಚಿಗೆ ಇವೆ, ಧ್ವನಿ ಮಾತ್ರ ಮಂಕು. ಈಗ ಆಡುವವರಿಗೆ 2021ರ ಪಿಕ್ಸೆಲ್ ರೀಮಾಸ್ಟರ್ ಸಾಕು, ಸ್ಟೀಮ್‌ನಲ್ಲೂ ಫೋನಿನಲ್ಲೂ ಇದೆ; ಆ ನಾಲ್ಕು ಹೆಚ್ಚುವರಿ ಜಾಬ್ ಇದರಲ್ಲಿಲ್ಲ. ಕನ್ನಡದಲ್ಲಿ ಇಲ್ಲ, ಆದರೆ ಇಂಗ್ಲಿಷ್ ಸರಳವಾಗಿದೆ. ಎಬಿಪಿಯನ್ನು ನಾಲ್ಕು ಪಟ್ಟು ಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ, ಮೊದಲ ಸಲ ಅದನ್ನು ಒಂದರಲ್ಲೇ ಇಡಿ; ಏರಿಸಿದರೆ ಆ ಖಾಲಿ ಜಾಗಕ್ಕೆ ಏನು ಹಾಕಲಿ ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಬ್ಯಾಟಲ್ ಮೋಡ್ ವೇಟ್‌ನಲ್ಲಿರಲಿ, ಮೆನು ಓದುವಾಗ ಸಮಯ ನಿಲ್ಲುತ್ತದೆ. ಕಾರ್ನಾಕ್ ಕೋಟೆಯಿಂದ ತಪ್ಪಿಸಿಕೊಳ್ಳಲು ಹತ್ತೇ ನಿಮಿಷ, ಅಲ್ಲಿ ಬಿಟ್ಟ ಪೆಟ್ಟಿಗೆಗಳು ಮತ್ತೆ ಸಿಗುವುದಿಲ್ಲ, ಮೊದಲು ಒಂದು ಸೇವ್ ಬೇರೆ ಜಾಗದಲ್ಲಿ ಮಾಡಿಕೊಳ್ಳಿ. ಕೊನೆಯ ರಿಫ್ಟ್‌ನ ಕೋಟೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಶಿನ್ರ್ಯು ಎಂಬ ಡ್ರ್ಯಾಗನ್ ಕಾದು ಕೂತಿರುತ್ತದೆ. ಅದರ ಮೊದಲ ಏಟೇ ಟೈಡಲ್ ವೇವ್, ಇಡೀ ಪಾರ್ಟಿ ಕೊಚ್ಚಿಹೋಗುತ್ತದೆ. ನೀರನ್ನು ಹೀರಿಕೊಳ್ಳುವ ಕೋರಲ್ ರಿಂಗ್ ನಾಲ್ವರಿಗೂ ತೊಡಿಸಿ, ಆಮೇಲೆ ಪೆಟ್ಟಿಗೆಗೆ ಕೈ ಹಾಕಿ. ಗೆದ್ದರೆ ಸಿಗುವುದು ರ್ಯಾಗ್ನರಾಕ್.