ತಡೀವಾಲಾ ರೋಡಿನ ಹುಡುಗ, ನಮ್ಮ ಕಸ್ತೂರಿ ಕನ್ನಡ

ಊರಿಗೆ ಹೋಗುವಾಗ ನಾನು ಪುಣೆ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರದಲ್ಲಿ ಇಳಿಯುತ್ತೇನೆ. ಅಲ್ಲಿಂದ ವಿಜಯಪುರ ಜಿಲ್ಲೆಯ ನಮ್ಮ ಇಂಡಿಗೆ ಬಸ್ಸು. 17 ವರ್ಷದಿಂದ ಇದೇ ದಾರಿ. ಸ್ಟೇಷನ್ನಿಗೆ ಅಂಟಿಕೊಂಡಂತೆ ತಡೀವಾಲಾ ರೋಡ್ ಇದೆ. ಇಕ್ಕಟ್ಟಾದ ಗಲ್ಲಿಗಳು, ಒಂದರ ಹೆಗಲ ಮೇಲೆ ಇನ್ನೊಂದು ಕೂತಂಥ ಮನೆಗಳು, ಬಾಗಿಲ ಮುಂದೆ ನೀರಿನ ಡ್ರಮ್ಮು. ನಾನು ಪುಣೆಗೆ ಬಂದ ಹೊಸದರಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ "ರಾತ್ರಿ ಆ ಕಡೆ ಹೋಗಬೇಡ" ಎಂದಿದ್ದ. ನಾನು ಹಗಲೂ ಹೋಗಲಿಲ್ಲ.

ಆ ರಸ್ತೆಯನ್ನು ನಮ್ಮ ಮನೆಯೊಳಗೆ ತಂದವಳು ನನ್ನ ಮಗಳು. 2020ರ ಲಾಕ್‌ಡೌನಿನಲ್ಲಿ ಅವಳ ಕೋಣೆಯಿಂದ ದಿನವಿಡೀ ಒಂದೇ ದನಿ. ಮೂಗಿನಲ್ಲಿ ಗುನುಗುವ, ಅರ್ಧ ಮಾತು ನುಂಗುವ, ಮೆಷಿನ್ನಿನಲ್ಲಿ ಹಾಕಿ ಎಳೆದಂಥ ದನಿ. ಯಾರಿದು ಎಂದು ಕೇಳಿದರೆ "ಎಂ.ಸಿ. ಸ್ಟ್ಯಾನ್ ಅಪ್ಪಾ, ಪುಣೆಯವನೇ, ತಡೀವಾಲಾ ರೋಡ್" ಎಂದಳು. ರ್‍ಯಾಪರ್, ಅಂದರೆ ತಾಳಕ್ಕೆ ಮಾತು ಹೊಸೆದು ಹಾಡುವವನು. ಆಗಷ್ಟೇ ಅವನ ಆಲ್ಬಂ ಬಂದಿತ್ತು. ಹೆಸರು 'ತಡೀಪಾರ್'. ರಸ್ತೆಯ ಹೆಸರನ್ನೇ ತಿರುಗಿಸಿ ಆಟ ಆಡಿದ್ದಾನೆ ಅಂತ ಮೊದಲು ಅಂದುಕೊಂಡೆ. ಅಲ್ಲ, ಅದು ಪೊಲೀಸರ ಮಾತು. ಗೂಂಡಾ ಅಂತ ಹೆಸರು ಬಿದ್ದವನನ್ನು ಎರಡು ವರ್ಷದವರೆಗೆ ಜಿಲ್ಲೆಯಿಂದ ಆಚೆ ಇಡುವ ಆದೇಶಕ್ಕೆ ಮಹಾರಾಷ್ಟ್ರದಲ್ಲಿ ತಡೀಪಾರ್ ಅನ್ನುತ್ತಾರೆ. ನಮ್ಮ ಗಡೀಪಾರು. ನಾವು ಗಡಿ ದಾಟಿಸುತ್ತೇವೆ, ಇವರು ತಡಿ ದಾಟಿಸುತ್ತಾರೆ. ತಡಿ ಅಂದರೆ ದಡ ಅಂತ ನಮ್ಮಲ್ಲೂ ಉಂಟಲ್ಲ. ಒಂದು ಪದ ಗುರುತು ಸಿಕ್ಕಿತು, ಅಷ್ಟಕ್ಕೆ ಕಿವಿ ಕೊಟ್ಟೆ.

ಅವನ ನಿಜವಾದ ಹೆಸರು ಅಲ್ತಾಫ್. ಹುಟ್ಟಿದ್ದು 1999ರಲ್ಲಿ. ಚಿಕ್ಕವನಿದ್ದಾಗ ಕವ್ವಾಲಿ ಹಾಡುತ್ತಿದ್ದನಂತೆ. 2018ರಲ್ಲಿ 'ವಾಟಾ' ಹಾಡು ಬಂದಾಗ ಪುಣೆಯ ಹುಡುಗರು ತಲೆ ಎತ್ತಿ ನೋಡಿದರು. ಮರುವರ್ಷ 'ಅಸ್ತಗ್‌ಫಿರುಲ್ಲಾ'. ಅದು ತನ್ನ ಗಲ್ಲಿ, ತನ್ನ ತಪ್ಪು ಎಲ್ಲವನ್ನೂ ದೇವರ ಮುಂದೆ ಒಪ್ಪಿಕೊಳ್ಳುವ ಹಾಡು. ಬೈಗುಳ ಬೇಡ ಅನ್ನುವವರು ಇದೊಂದನ್ನು ಕೇಳಬಹುದು. 2022ರಲ್ಲಿ 'ಇನ್ಸಾನ್' ಆಲ್ಬಂ. ಅದೇ ವರ್ಷದ ಕೊನೆಗೆ ಹಿಂದಿ ಬಿಗ್ ಬಾಸ್ ಮನೆಗೆ ಹೋದ. 80 ಸಾವಿರದ ಶೂ ಹಾಕಿಕೊಂಡು ಹೋದ, ಒಳಗೆ ಅರ್ಧ ದಿನ ಮಂಕಾಗಿ ಕೂತ, ಮನೆಗೆ ಹೋಗಬೇಕು ಅಂದ. ಕೊನೆಗೆ 2023ರ ಫೆಬ್ರುವರಿಯಲ್ಲಿ ಗೆದ್ದ. ಎರಡನೆಯವನು ಅಮರಾವತಿಯ ಶಿವ್ ಠಾಕರೆ. ಅವತ್ತು ರಾತ್ರಿ ನಮ್ಮ ಸೊಸೈಟಿಯ ವಾಚ್‌ಮನ್ ಪಟಾಕಿ ಹೊಡೆದ. ಅವನೂ ಇಂಡಿ ತಾಲ್ಲೂಕಿನವನೇ.

ಹಿಪ್ ಹಾಪ್, ಅಂದರೆ ಈ ರ್‍ಯಾಪಿನ ಲೋಕ, ಅಂದ ಕೂಡಲೇ ನಮಗೆಲ್ಲ ಮುಂಬೈ ನೆನಪಾಗುತ್ತದೆ. ಅಂಧೇರಿಯ ಜೆ.ಬಿ. ನಗರದ ಡಿವೈನ್, 2014ರಲ್ಲಿ ಒಂದು ಐಪ್ಯಾಡ್ ಹಿಡಿದು ಹಾಡೂ ವಿಡಿಯೋನೂ ಮಾಡಿದ ಕುರ್ಲಾದ ನೇಝಿ. ಇವರಿಬ್ಬರ ಬದುಕಿನ ಎಳೆ ಹಿಡಿದು 2019ರಲ್ಲಿ ಜೋಯಾ ಅಖ್ತರ್ 'ಗಲ್ಲಿ ಬಾಯ್' ಸಿನಿಮಾ ಮಾಡಿದರು. ಡಿವೈನ್ ಹಾಡಿದರೆ ಒಂದೊಂದು ಪದವೂ ಕಲ್ಲು ಒಗೆದಂತೆ ಬಂದು ಬೀಳುತ್ತದೆ. ಎದೆ ಸೆಟೆಸಿ ಹಾಡುವ ಶೈಲಿ. ಸ್ಟ್ಯಾನ್ ಹಾಗಲ್ಲ. ಗೋಡೆಗೆ ಒರಗಿ ಕೂತು, ಯಾರಿಗೂ ಕೇಳಿಸುವ ಹಂಗಿಲ್ಲದೆ ಗೊಣಗಿದ ಹಾಗೆ. ಅಮೆರಿಕದ ಅಟ್ಲಾಂಟಾ ಕಡೆಯ ಟ್ರ್ಯಾಪ್ ಎನ್ನುವ ರ್‍ಯಾಪ್ ಶೈಲಿಯ ತಾಳ, ನೆಲ ನಡುಗಿಸುವ ಬೇಸ್, ಅದರ ಮೇಲೆ ಆಟೋಟ್ಯೂನ್ ಹಾಕಿದ ದನಿ. ತಾಳವನ್ನೂ ಬಹಳ ಸಲ ತಾನೇ ಕಟ್ಟುತ್ತಾನೆ. ಆಟೋಟ್ಯೂನ್ ಅಂದರೆ ಸ್ವರ ತಪ್ಪಿದ್ದನ್ನು ತಿದ್ದುವ ಸಾಫ್ಟ್‌ವೇರ್. ಇವನು ತಿದ್ದಲಿಕ್ಕೆ ಹಾಕುವುದಿಲ್ಲ, ಅಳುವಿಗೂ ಹಾಡಿಗೂ ನಡುವೆ ಎಲ್ಲೋ ದನಿಯನ್ನು ನಿಲ್ಲಿಸಲಿಕ್ಕೆ ಹಾಕುತ್ತಾನೆ. ಹಾಡಿನ ಮಧ್ಯೆ ಆ ಕವ್ವಾಲಿಯ ಎಳೆತ ಒಂದೊಂದು ಸಲ ಇಣುಕುತ್ತದೆ. ಮಗಳಿಗೆ ಹೇಳಿದರೆ ನಂಬಲಿಲ್ಲ.

ನನ್ನನ್ನು ಹಿಡಿದದ್ದು ಮಾತ್ರ ಅವನ ಭಾಷೆ. ಪುಣೆ ಅಂದರೆ ಶುದ್ಧ ಮರಾಠಿಯ ಊರು. ಇಲ್ಲಿನ ಹಳೇ ಬಡಾವಣೆ ಸದಾಶಿವ ಪೇಠದ ಮರಾಠಿಯೇ ಮರಾಠಿ ಎನ್ನುವ ಹೆಮ್ಮೆ, ಅದರ ಮೇಲೆ ಸಾವಿರ ಜೋಕು. ಅದೇ ಊರಲ್ಲಿ ಈ ಹುಡುಗ ಹಿಂದಿ, ಉರ್ದು, ಮರಾಠಿ, ಇಂಗ್ಲಿಷ್ ನಾಲ್ಕನ್ನೂ ಒಂದೇ ತಪ್ಪಲೆಯಲ್ಲಿ ಕುದಿಸುತ್ತಾನೆ. ಅವನ ಬಾಯಲ್ಲಿ ಓಡಾಡುವ 'ಶೆಮ್ಡಿ' ಎನ್ನುವ ಮಾತು ಗೊತ್ತಲ್ಲ? ಬಿಗ್ ಬಾಸ್ ಆದ ಮೇಲೆ ದೇಶವೆಲ್ಲ ಆಡಿತು. ಅದು ಮರಾಠಿ ಗಲ್ಲಿಯ ಬೈಗುಳ, ಮೂಗು ಸೋರುವವಳು ಅಂತ. ಅಪ್ಪಟ ಸಿಂಬಳ! ಯಾವ ಸಾಹಿತ್ಯ ಸಮ್ಮೇಳನದಲ್ಲೂ ಒಳಗೆ ಬಿಡದ ಪದವನ್ನು ಕೋಟಿ ಜನರ ನಾಲಿಗೆಗೆ ಹತ್ತಿಸಿದ. ಅದನ್ನು ಒರೆಸಿ, ತೊಳೆದು ತರಲಿಲ್ಲ, ಇದ್ದ ಹಾಗೇ ತಂದ.

ಈಗ ನಮ್ಮ ಕಡೆ ನೋಡೋಣ. ಬಿಗ್ ಬಾಸ್ ಗೆದ್ದ ರ್‍ಯಾಪರ್ ನಮ್ಮಲ್ಲೂ ಇದ್ದಾರೆ, ಅದೂ ಐದು ವರ್ಷ ಮೊದಲೇ. 2018ರ ಜನವರಿಯಲ್ಲಿ ಚಂದನ್ ಶೆಟ್ಟಿ ಗೆದ್ದರು. ಅವರ ಕುಡಿತದ ಹಾಡು ಮದುವೆ ಮನೆಯಲ್ಲೂ ಗಣಪತಿ ಮೆರವಣಿಗೆಯಲ್ಲೂ ಕೇಳಿದ್ದೇನೆ, ಕುಣಿದಿದ್ದೇನೆ ಕೂಡ, ಸುಳ್ಳೇಕೆ ಹೇಳಲಿ. ಆಲ್ ಓಕೆ ಅನ್ನುವ ರ್‍ಯಾಪರ್ ಇದ್ದಾರೆ, ಧೈರ್ಯ ತುಂಬುವ ಹಾಡು ಬರೆಯುತ್ತಾರೆ. ಬೆಂಗಳೂರಿನ ಬ್ರೋಧಾ ವಿ ಇದ್ದಾರೆ, ಬಾಯಿಗೆ ಬೆಂಕಿ ಹಚ್ಚಿದಂಥ ವೇಗ, ಆದರೆ ಹೆಚ್ಚಿನ ಮಾತು ಇಂಗ್ಲಿಷ್. ಯಾರನ್ನೂ ಸಣ್ಣವರು ಅನ್ನುತ್ತಿಲ್ಲ. ಆದರೆ ನನಗೆ ಕೇಳಿಸಿದ ಕನ್ನಡ ರ್‍ಯಾಪಿನಲ್ಲಿ ಜಾಸ್ತಿ ಪಾಲು ಪಾರ್ಟಿ, ಇಲ್ಲಾ ಬುದ್ಧಿಮಾತು, ಇಲ್ಲಾ ನಾಡಿನ ಜೈಕಾರ. ಹುಲಿ, ಸಿಂಹ, ಹಳದಿ-ಕೆಂಪು ಬಾವುಟ. ಹಾಡುವವನ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಬೀದರ್‌ನ ಹುಡುಗನೂ ಮೈಕ್ ಹಿಡಿದ ಕೂಡಲೇ ಬೆಂಗಳೂರಿನವನಾಗುತ್ತಾನೆ. ಇಂಡಿಯ ಮಾತು ಸಿನಿಮಾದಲ್ಲಿ ನಗಿಸಲಿಕ್ಕೆ ಮಾತ್ರ ಬರುತ್ತದೆ. ಗಲ್ಲಿಯ ಕನ್ನಡದಲ್ಲಿ ಬರೆಯುವ ಹೊಸ ಹುಡುಗರು ಇದ್ದಾರೆ, ಅದೂ ನಿಜ. ಆದರೆ ಅವರ ಹಾಡು ನನ್ನ ಮಗಳವರೆಗೆ ಬಂದು ಮುಟ್ಟಿಲ್ಲ.

ವಿಚಿತ್ರ ಏನೆಂದರೆ ಈ ಆಟ ನಮಗೆ ಹೊಸದೇ ಅಲ್ಲ. ನಮ್ಮ ಕಡೆ ಹರದೇಶಿ-ನಾಗೇಶಿ ಇದೆ. ಜಾತ್ರೆಯಲ್ಲಿ ರಾತ್ರಿ ಊಟ ಆದ ಮೇಲೆ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಗಂಡು ಹೆಚ್ಚು ಅನ್ನಬೇಕು, ಇನ್ನೊಂದು ಹೆಣ್ಣು ಹೆಚ್ಚು ಅನ್ನಬೇಕು. ದಪ್ಪು, ತುಂತುಣಿ, ತಾಳ, ಅಷ್ಟೇ ಸಾಮಾನು. ಒಬ್ಬ ಸವಾಲು ಹಾಕುತ್ತಾನೆ, ಇನ್ನೊಬ್ಬ ಜವಾಬು ಕೊಡಬೇಕು. ಶಾಸ್ತ್ರದ ಒಗಟಿನಿಂದ ಶುರುವಾಗಿ, ಚಹಾ ಎರಡನೇ ಸುತ್ತು ಬರುವ ಹೊತ್ತಿಗೆ ಮರ್ಯಾದೆ ಹರಾಜು. ನಾನು ಎಂಟು ವರ್ಷದವನಿದ್ದಾಗ ಅಪ್ಪನ ಧೋತರದ ಮೇಲೆ ಮಲಗಿ ಇದನ್ನು ಕೇಳಿದ್ದೇನೆ. ಮರಾಠಿಯವರಿಗೂ ಇದು ಗೊತ್ತು, ಕಲ್ಗಿ-ತುರಾ ಅಂತ ಕರೆಯುತ್ತಾರೆ. ಈ ಮೇಳಗಳು ಹಾಡುವ ಲಾವಣಿಯ ಕೊನೆಗೆ ಕವಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹಾಕಿ ಮುಗಿಸುತ್ತಾನೆ. ಲಾವಣಿಕಾರ ಹಲಸಂಗಿಯ ಖಾಜಾಭಾಯಿಯನ್ನು ಇವತ್ತಿಗೂ ನೆನೆಯುವುದು ಊರಿನ ಹೆಸರು ಸೇರಿಸಿಯೇ. ಸ್ಟ್ಯಾನ್ ಹಾಡಿನ ನಡುವೆ 'ಪಿ ಟೌನ್', ಅಂದರೆ ಪುಣೆ, ಅಂದಾಗ ನನಗೆ ಕಾಣುವುದು ಇದೇ ಅಂಕಿತ. 2019ರಲ್ಲಿ ಅವನಿಗೂ ಮುಂಬೈನ ರ್‍ಯಾಪರ್ ಎಮಿವೇ ಬಂಟಾಯ್‌ಗೂ ಹಾಡಿನಲ್ಲೇ ಜಗಳ ಹತ್ತಿದಾಗ ಮಗಳ ಗೆಳೆಯರೆಲ್ಲ ಎರಡು ಪಾರ್ಟಿ ಆಗಿ ಕೂತಿದ್ದರಂತೆ. ನಮ್ಮೂರ ಜಾತ್ರೆಯೇ ಅದು, ಚಹಾ ಒಂದು ಇರಲಿಲ್ಲ.

ಅವನದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಹಳೆಯ ಹಾಡುಗಳಲ್ಲಿ ಹೆಣ್ಣಿನ ಬಗ್ಗೆ ಬರುವ ಮಾತು ಕೇಳಿದರೆ ಮಗಳ ಎದುರು ಕೂರಲು ಆಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಇಂದೋರಿನ ಅವನ ಕಾರ್ಯಕ್ರಮ ಹಾಡುಗಳಲ್ಲಿ ಬೈಗುಳ ಇದೆ ಎಂದು ಗಲಾಟೆ ಎದ್ದು, ವಿರೋಧಿಸಿದವರು ಸ್ಟೇಜಿಗೆ ನುಗ್ಗಿ ನಿಂತೇ ಹೋಯಿತು. ಸ್ಟೇಜಿಗೆ ನುಗ್ಗುವುದು ತಪ್ಪು. ಆದರೆ ನಾಗೇಶಿಯಲ್ಲಿ ಹೆಣ್ಣಿನ ಪಕ್ಷ ಹಿಡಿದು ಜವಾಬು ಕೊಡಲು ಒಂದು ಮೇಳವೇ ಇರುತ್ತಿತ್ತು, ಇಲ್ಲಿ ಎದುರಿಗೆ ಯಾರೂ ಇಲ್ಲ. ಇದನ್ನು ನಾನು ಹೇಳಿದ್ದಲ್ಲ, ಮಗಳು ಹೇಳಿದ್ದು. ಚಿನ್ನದ ಸರ, ಶೂ, ಗಾಡಿಯ ಬಡಾಯಿ ಕೂಡ ನಾಲ್ಕು ಹಾಡಿಗೆ ಸಾಕೆನಿಸುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ ಒಂದು ರಾಜ್ಯೋತ್ಸವ. ಯಾರು ನಡೆಸಿದ್ದು ಎಂದು ಹೇಳುವುದಿಲ್ಲ, ಹೊರನಾಡಿನಲ್ಲಿ ಎಲ್ಲ ಕಡೆ ಹೀಗೇ. ನಮ್ಮ ವಾಚ್‌ಮನ್ ಮಗನಿಗೆ 15 ವರ್ಷ. ಪುಣೆಯಲ್ಲೇ ಹುಟ್ಟಿದವನು. ಮನೆಯಲ್ಲಿ ಇಂಡಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಆ ನಾಲ್ಕು ಭಾಷೆಯ ಸಾರು. ನವೆಂಬರ್ ಕಾರ್ಯಕ್ರಮದಲ್ಲಿ ಕನ್ನಡದಲ್ಲಿ ರ್‍ಯಾಪ್ ಹಾಡುತ್ತೇನೆ ಅಂದ. ನನಗೆ ಖುಷಿಯಾಗಿ ನಾನೇ ಕರೆದುಕೊಂಡು ಹೋದೆ. ಆಯ್ಕೆಗೆ ಕೂತವರ ಮುಂದೆ ಮೊಬೈಲಿನಲ್ಲಿ ತಾಳ ಹಚ್ಚಿ, ಟೊಪ್ಪಿಗೆ ಹಿಂದುಮುಂದು ಮಾಡಿ ಶುರು ಮಾಡಿದ:

"ಮನ್ಯಾಗ ಅವ್ವನ ಮಾತು, ಗಲ್ಲ್ಯಾಗ ಭಾವೂನ ಮಾತು,
ನಡಬರಕ ನಾ ನಿಂತೀನಿ, ಎರಡೂ ನಂದ ಸೊತ್ತು.
ಅಪ್ಪನ ಡ್ಯೂಟಿ ರಾತ್ರಿ, ಗೇಟಿಗಿ ಕೀಲಿ ಹಾಕಿ,
ಯಾರ್ದೋ ಗಾಡಿ ಕಾಯ್ತಾನ, ನಮ್ ನಿದ್ದಿ ಬಾಕಿ."

ಭಾವೂ ಅಂದರೆ ಮರಾಠಿಯಲ್ಲಿ ಅಣ್ಣ, ಗೆಳೆಯ. ನನಗೆ ಮೈ ಜುಮ್ಮೆಂದಿತು. ಕೂತವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು "ಚೆನ್ನಾಗಿದೆ ಮರಿ, ಆದರೆ 'ಭಾವೂ' ಮರಾಠಿ, 'ಡ್ಯೂಟಿ' ಇಂಗ್ಲಿಷು. 'ಮನ್ಯಾಗ' ಅಲ್ಲ, 'ಮನೆಯಲ್ಲಿ'. ನಮ್ಮದು ಕಸ್ತೂರಿ ಕನ್ನಡ" ಎಂದರು. ಕೆಟ್ಟವರಲ್ಲ ಅವರು, ಪ್ರೀತಿಯಿಂದಲೇ ಹೇಳಿದರು. ಮೂರು ದಿನದಲ್ಲಿ ಹೊಸ ಸಾಲು ಬರೆದುಕೊಟ್ಟರು. ಅದರಲ್ಲಿ ಕಾವೇರಿ, ಸಹ್ಯಾದ್ರಿ, ಶ್ರೀಗಂಧ ಎಲ್ಲ ಬಂತು. ಹುಡುಗ ಕಾವೇರಿಯನ್ನೂ ನೋಡಿಲ್ಲ, ಶ್ರೀಗಂಧದ ಮರವನ್ನೂ ನೋಡಿಲ್ಲ. ಅವನ ಅಪ್ಪ, ಗೇಟು, ಕೀಲಿ ಹೊರಗೆ ಉಳಿದರು. ಅವತ್ತು ಸ್ಟೇಜಿನಲ್ಲಿ ಬಾಯಿಪಾಠ ಒಪ್ಪಿಸಿದ, ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಶಾಲನ್ನು ಮಡಚಿ ತೊಡೆ ಮೇಲಿಟ್ಟುಕೊಂಡು "ಅಂಕಲ್, ಇದು ಹಾಡಿದ್ದು ನಾನ ಅಲ್ಲ ಅನ್ಸಾಕತ್ತೇತಿ" ಅಂದ.

ನಾನು ಅಲ್ಲಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೊರನಾಡಿನಲ್ಲಿ ಇದ್ದು ಇದ್ದು ನಮಗೆ ಕನ್ನಡ ಅಂದರೆ ಷೋಕೇಸಿನಲ್ಲಿ ಇಟ್ಟ ಬೆಳ್ಳಿ ತಟ್ಟೆಯಾಗಿದೆ. ಹಬ್ಬಕ್ಕೆ ತೆಗೆದು ಒರೆಸಿ ಮತ್ತೆ ಒಳಗಿಡುತ್ತೇವೆ. ಊಟ ಮಾತ್ರ ಸ್ಟೀಲಿನ ತಟ್ಟೆಯಲ್ಲೇ. ಆ ಸ್ಟೀಲಿನ ತಟ್ಟೆಯನ್ನು ಬಡಿದು ತಾಳ ಹಾಕುವ ಹುಡುಗ ಬಂದರೆ ತಟ್ಟೆ ಕಿತ್ತುಕೊಳ್ಳುತ್ತೇವೆ. ತಡೀವಾಲಾ ರೋಡಿನವನಿಗೆ ಆ ಮೂರು ದಿನದ ತಿದ್ದುಪಡಿ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದ್ದೇನೆ. ಅವನಿಗೆ ಯಾರೂ ಸಾಲು ತಿದ್ದಿಕೊಡಲಿಲ್ಲ, ಯಾಕೆಂದರೆ ಸಭೆಗೆ ಯಾರೂ ಕರೆದಿರಲೇ ಇಲ್ಲ.

ಮೊನ್ನೆ ಆ ಹುಡುಗ ಲಾವಣಿ ಹೇಗೆ ಮುಗಿಯುತ್ತದೆ ಎಂದು ಕೇಳಿದ. ಊರು, ಗುರು, ಹೆಸರು ಅಂತ ಹೇಳಿಕೊಟ್ಟೆ. ನಾಲ್ಕು ದಿನಕ್ಕೆ ವಾಟ್ಸಾಪಿನಲ್ಲಿ ಒಂದು ಆಡಿಯೋ ಬಂತು. ಅದೇ ಹಳೆಯ ಸಾಲು, ಭಾವೂ ಇದ್ದಾನೆ, ಡ್ಯೂಟಿ ಇದೆ. ಕೊನೆಗೆ ಇಂಡಿಯ ಹೆಸರು ಹೇಳಿ, ಪುಣೆಯ ಹೆಸರು ಹೇಳಿ, ಗುರುವಿನ ಜಾಗದಲ್ಲಿ ಅಪ್ಪನ ಹೆಸರು ಹಾಕಿದ್ದಾನೆ. ಯಾವುದೋ ಪುಕ್ಕಟೆ ಆ್ಯಪಿನಲ್ಲಿ ಆಟೋಟ್ಯೂನ್ ಎಷ್ಟು ಸುರಿದಿದ್ದಾನೆ ಅಂದರೆ ಮಾತು ತಿಳಿಯಲು ಮೂರು ಸಲ ಕೇಳಬೇಕಾಯಿತು. ಇಂಡಿಗೆ ಫೋನ್ ಹಚ್ಚಿ ಅಪ್ಪನಿಗೆ ಕೇಳಿಸಿದೆ. ಅಪ್ಪ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸುಮ್ನೆ ಇದ್ದು ಅಂದರು: "ತಾಳ ಚಲೋ ಅದ. ಆದ್ರ ಈ ಹುಡುಗಗ ನೆಗಡಿ ಆಗ್ಯಾದೇನು?"