ಸಿಡ್ನಿ ಟೆಸ್ಟ್‌ನಿಂದ ಓಡ್ರಿಸ್ಕಲ್ ಅವರನ್ನು ಕೈಬಿಟ್ಟಿದ್ದು ಸರಿಯೇ?

ಪರ

ಐರ್ಲೆಂಡ್, ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ನ ರಗ್ಬಿ ಆಟಗಾರರು ನಾಲ್ಕು ವರ್ಷಕ್ಕೊಮ್ಮೆ ಒಂದಾಗಿ ಪ್ರವಾಸ ಹೋಗುವ ಲಯನ್ಸ್ ತಂಡ 1997ರ ಬಳಿಕ ಒಂದು ಸರಣಿಯನ್ನೂ ಗೆದ್ದಿರಲಿಲ್ಲ. 2013ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೂರು ಟೆಸ್ಟ್‌ಗಳ (ರಾಷ್ಟ್ರೀಯ ತಂಡದೊಂದಿಗಿನ ಪಂದ್ಯಗಳ) ಸರಣಿಯಲ್ಲಿ ಬ್ರಿಸ್ಬೇನ್‌ನಲ್ಲಿ 23-21ರಿಂದ ಗೆದ್ದು, ಮೆಲ್ಬರ್ನ್‌ನಲ್ಲಿ 15-16ರಿಂದ ಸೋತ ಮೇಲೆ ಉಳಿದದ್ದು ಸಿಡ್ನಿಯ ಪಂದ್ಯವೊಂದೇ. ಗಾಯದಿಂದ ಚೇತರಿಸಿಕೊಂಡ ಜೇಮಿ ರಾಬರ್ಟ್ಸ್ ಮತ್ತು ಜೋನಾಥನ್ ಡೇವಿಸ್ ವೇಲ್ಸ್ ಪರ ಮೈದಾನದ ಮಧ್ಯಭಾಗದಲ್ಲಿ, ಸೆಂಟರ್‌ಗಳಾಗಿ, ಜೊತೆಯಾಗಿ ಆಡಿ ಪಳಗಿದವರು. ಕೋಚ್ ವಾರೆನ್ ಗ್ಯಾಟ್‌ಲೆಂಡ್ ಆ ಜೋಡಿಯನ್ನೇ ನೆಚ್ಚಿಕೊಂಡು, ಅದೇ ಸ್ಥಾನದಲ್ಲಿ ಆಡುವ ಐರ್ಲೆಂಡಿನ 34 ವರ್ಷದ ಬ್ರಯಾನ್ ಓಡ್ರಿಸ್ಕಲ್ ಅವರನ್ನು ಕೈಬಿಟ್ಟರು. ಇದರಲ್ಲಿ ಹಗೆತನ ಹುಡುಕುವುದು ಅನ್ಯಾಯ. 1999ರಲ್ಲಿ ಐರ್ಲೆಂಡ್ ತಂಡದ ಕೋಚ್ ಆಗಿದ್ದು ಅವರನ್ನು ಮೊದಲ ಬಾರಿ ಕಣಕ್ಕಿಳಿಸಿದವರೂ ಇದೇ ಗ್ಯಾಟ್‌ಲೆಂಡ್. ಲಯನ್ಸ್ 41-16ರಿಂದ ಗೆದ್ದಿತು, ರಾಬರ್ಟ್ಸ್ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಪಡೆಯುವ ಅಂಕ) ಗಳಿಸಿದರು.

ವಿರೋಧ

ಗೆದ್ದ ಮಾತ್ರಕ್ಕೆ ಆಯ್ಕೆ ಸರಿಯಾಗುವುದಿಲ್ಲ. ಅಂದಿನ ಗೆಲುವಿಗೆ ಬುನಾದಿ ಹಾಕಿದ್ದು ಸ್ಕ್ರಮ್: ಮುಂಚೂಣಿಯ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ತಳ್ಳುವ ಆ ಸೆಣಸಾಟದಲ್ಲಿ ಆಸ್ಟ್ರೇಲಿಯಾ ಕುಸಿಯುತ್ತಲೇ ಹೋಯಿತು, ಸ್ಕ್ರಮ್‌ನ ಮುಂಸಾಲಿನಲ್ಲಿ ತಳ್ಳುವ ಅದರ ಪ್ರಾಪ್ ಬೆನ್ ಅಲೆಕ್ಸಾಂಡರ್ ಹಳದಿ ಕಾರ್ಡ್ ಪಡೆದು ಹೊರನಡೆದರು. ಓಡ್ರಿಸ್ಕಲ್ ಇದ್ದಿದ್ದರೂ ಆ ಬಲ ಹಾಗೆಯೇ ಇರುತ್ತಿತ್ತು.

ನಾಯಕ ಸ್ಯಾಮ್ ವಾರ್‌ಬರ್ಟನ್ ಗಾಯಗೊಂಡಿದ್ದರು. ತಂಡದ ಮತ್ತೊಬ್ಬ ಹಿರಿಯ, ಐರ್ಲೆಂಡಿನ ಪಾಲ್ ಓಕಾನೆಲ್ ಅದಕ್ಕೂ ಮೊದಲೇ ಗಾಯಾಳುವಾಗಿದ್ದರು. ಐರ್ಲೆಂಡನ್ನು 83 ಪಂದ್ಯಗಳಲ್ಲಿ ಮುನ್ನಡೆಸಿ, 2009ರಲ್ಲಿ ಕಾರ್ಡಿಫ್‌ನಲ್ಲಿ ತಾವೇ ಒಂದು ಟ್ರೈ ಗಳಿಸಿ, 61 ವರ್ಷಗಳ ಬಳಿಕ ದೇಶಕ್ಕೆ ಗ್ರ್ಯಾಂಡ್ ಸ್ಲ್ಯಾಮ್ (ಯುರೋಪಿನ ಆರು ದೇಶಗಳ ವಾರ್ಷಿಕ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ಎಲ್ಲ ಪಂದ್ಯಗಳ ಗೆಲುವು) ತಂದುಕೊಟ್ಟ ಓಡ್ರಿಸ್ಕಲ್ ಇಂಥ ಹೊತ್ತಿಗೇ ಬೇಕಾಗಿತ್ತು. ಅವರಿಗೆ ನಾಯಕತ್ವ ಸಿಗಲಿಲ್ಲ. 23 ಮಂದಿಯ ಪಟ್ಟಿಯಲ್ಲಿ, ಬದಲಿ ಆಟಗಾರನಾಗಿ ಕೂಡ, ಅವರ ಹೆಸರಿರಲಿಲ್ಲ. ಆರಂಭಿಕ ಹದಿನೈದರಲ್ಲಿ ಹತ್ತು ಮಂದಿ ವೇಲ್ಸ್‌ನವರು. ಗ್ಯಾಟ್‌ಲೆಂಡ್ ಆಗ ವೇಲ್ಸ್ ತಂಡದ ಕೋಚ್ ಕೂಡ ಆಗಿದ್ದುದರಿಂದ, ಪರಿಚಿತರ ಮೇಲಿನ ಭರವಸೆಯೇ ತೂಕ ಹೆಚ್ಚಿಸಿತೆಂದು ಐರಿಷ್ ಅಭಿಮಾನಿಗಳಿಗೆ ಅನ್ನಿಸಿದ್ದು ಸಹಜ.

ಲಯನ್ಸ್ ಅಂಗಿ ತೊಟ್ಟು ಅವರು ಪಟ್ಟ ಪಾಡನ್ನೂ ಮರೆಯಲಾಗದು. 2005ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ, ನಾಯಕನಾಗಿ ಆಡಿದ ಮೊದಲ ಟೆಸ್ಟ್‌ನ ಆರಂಭದ ನಿಮಿಷಗಳಲ್ಲೇ, ನ್ಯೂಜಿಲೆಂಡಿನ ಇಬ್ಬರು ಅವರನ್ನು ಮೇಲೆತ್ತಿ ನೆಲಕ್ಕೆ ಕುಕ್ಕಿದರು. ತಲೆ ನೆಲಕ್ಕೆ ಬಡಿಯದಿರಲೆಂದು ಅವರು ಕೈ ಚಾಚಿದರು. ಭುಜದ ಕೀಲು ತಪ್ಪಿತು, ಪ್ರವಾಸ ಅಲ್ಲಿಗೇ ಮುಗಿಯಿತು. ಅಷ್ಟಾದರೂ 2009ರಲ್ಲಿ ಮತ್ತೆ ಬಂದರು, 2013ರಲ್ಲೂ ಬಂದರು. ಆದರೆ ಹಿಂದಿನ ಮೂರು ಪ್ರವಾಸಗಳಲ್ಲೂ ಸಿಗದ ಸರಣಿ ಗೆಲುವು ಕೈಗೆಟುಕುವ ದಿನ ಅವರನ್ನು ಮೈದಾನದಿಂದ ಹೊರಗೆ ಕೂರಿಸಲಾಯಿತು.

ವಯಸ್ಸಿನ ಮಾತನ್ನಂತೂ ನಾನು ಒಪ್ಪಲಾರೆ. ಎಂಟು ತಿಂಗಳ ನಂತರ, 2014ರ ಮಾರ್ಚ್‌ನಲ್ಲಿ, ಪ್ಯಾರಿಸ್‌ನಲ್ಲಿ ಫ್ರಾನ್ಸನ್ನು 22-20ರಿಂದ ಮಣಿಸಿ ಸಿಕ್ಸ್ ನೇಷನ್ಸ್ ಪ್ರಶಸ್ತಿ ಗೆದ್ದ ಐರ್ಲೆಂಡ್ ತಂಡದ ಮಧ್ಯಭಾಗದಲ್ಲಿ, ದೇಶಕ್ಕಾಗಿ ತಮ್ಮ ಕೊನೆಯ ಪಂದ್ಯ ಆಡುತ್ತಿದ್ದವರು ಇದೇ ಓಡ್ರಿಸ್ಕಲ್.