ಎಣ್ಣೆ ಅಂಗಡಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಮತ್ತೆ ಮ್ಯಾಪ್ ಯಾಕೆ?

ಕೊಡಗಿನ ಮದ್ಯದಂಗಡಿಗಳನ್ನೆಲ್ಲ ಗುರುತಿಸುವ ಒಂದು ಮ್ಯಾಪ್ ಮಾಡೋಣ ಅಂದರೆ, ಬಾರ್ ಹುಡುಕೋದಕ್ಕೆ ಮ್ಯಾಪ್ ಬೇಕಾ ಅಂತ ನಗಬೇಡಿ. ಕುಡಿಯುವವರಿಗೆ ಖಂಡಿತ ಬೇಡ. ಅವರು ಜುಲೈ ತಿಂಗಳ ಮಂಜಿನಲ್ಲೂ ಕಣ್ಣುಮುಚ್ಚಿಕೊಂಡು ಹೋಗಿ ಬರುತ್ತಾರೆ. ಮ್ಯಾಪ್ ಬೇಕಾಗಿರೋದು ಗ್ರಾಮಸಭೆಯಲ್ಲಿ "ಇಲ್ಲಿ ಬಾರ್ ಬೇಡ" ಅಂತ ಎದ್ದು ನಿಲ್ಲುವ ಹೆಂಗಸರಿಗೆ. ಅವರು ಅಷ್ಟು ಹೇಳಿದ ಕೂಡಲೇ "ಎಲ್ಲ ನಿಯಮದ ಪ್ರಕಾರವೇ ಇದೆ ಅಮ್ಮ" ಅನ್ನುವ ಉತ್ತರ ಬರುತ್ತದೆ. ಯಾವ ನಿಯಮ, ಎಷ್ಟು ದೂರ, ಯಾವ ಸನ್ನದು (ಲೈಸೆನ್ಸ್) ಅಂತ ಕೇಳೋದಕ್ಕೆ ಕೈಯಲ್ಲಿ ಏನಾದರೂ ಇರಬೇಕಲ್ವಾ?

ನ್ಯೂಯಾರ್ಕ್ ರಾಜ್ಯದಲ್ಲಿ ಮದ್ಯದ ಲೈಸೆನ್ಸ್ ಕೊಡುವ ಇಲಾಖೆಯೇ ಇಂಥದ್ದೊಂದು ಮ್ಯಾಪನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಯಾವ ಬೀದಿಯಲ್ಲಿ ಯಾವ ಲೈಸೆನ್ಸ್ ಇದೆ, ಶಾಲೆ ಅಥವಾ ಚರ್ಚ್ ಎಷ್ಟು ಹತ್ತಿರ ಅಂತ ಯಾರು ಬೇಕಾದರೂ ನೋಡಬಹುದು. ಶಿಕಾಗೋ ನಗರವಂತೂ ಮದ್ಯದ ಲೈಸೆನ್ಸ್‌ಗಳ ಪಟ್ಟಿಯನ್ನು ಅಕ್ಷಾಂಶ, ರೇಖಾಂಶ ಸಮೇತ ಬಿಟ್ಟಿಯಾಗಿ ಕೊಡುತ್ತದೆ. ಡೌನ್‌ಲೋಡ್ ಮಾಡಿಕೊಂಡು ಕಾಲೇಜು ಹುಡುಗರು ಒಂದೇ ಸಂಜೆಯಲ್ಲಿ ಮ್ಯಾಪ್ ಮಾಡಿಬಿಡಬಹುದು.

ನಮ್ಮಲ್ಲಿ ಕಾನೂನು ಇಲ್ಲ ಅಂತೇನಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ. ಯಾವುದೇ ಸರ್ಕಾರಿ ಕಚೇರಿ ತಾನು ಕೊಟ್ಟ ರಿಯಾಯಿತಿ, ಪರ್ಮಿಟ್, ಅನುಮತಿ ಯಾರಿಗೆ ಸಿಕ್ಕಿದೆ ಅನ್ನೋದನ್ನು ತಾನಾಗಿಯೇ ಪ್ರಕಟಿಸಬೇಕು. ನಾವು ಅರ್ಜಿ ಹಾಕುವ ಮೊದಲೇ. ಹಾಗಾಗಿ ಸನ್ನದಿನ ಪಟ್ಟಿ ಕೇಳೋದು ಯಾರ ಗುಟ್ಟನ್ನೂ ಕೆದಕಿದಂತೆ ಆಗೋದಿಲ್ಲ.

ಮ್ಯಾಪ್ ಮಾಡುವವರು ಮೊದಲು ಮಾಡಬೇಕಾದದ್ದು ಎಲ್ಲವನ್ನೂ ಒಂದೇ ಕೆಂಪು ಚುಕ್ಕೆ ಮಾಡದೇ ಇರೋದು. ಒಂದೊಂದು ಬಗೆಯ ಸನ್ನದಿಗೂ ಅಬಕಾರಿ ಇಲಾಖೆಯ ಒಂದೊಂದು ಸಂಕೇತ ಇದೆ. ಸಿಎಲ್-2 ಅಂದರೆ ವೈನ್ ಶಾಪ್. ಬಾಟಲಿ ಕೊಂಡು ಹೋಗಬೇಕು, ಅಲ್ಲಿ ಕೂತು ಕುಡಿಯುವ ಹಾಗಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ರೂಮು ಇರುವ ಹೋಟೆಲ್. ಸಿಎಲ್-4 ಕ್ಲಬ್ಬು, ಸದಸ್ಯರಿಗೆ. ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್‌ನ ಮಳಿಗೆಗಳದ್ದು ಸಿಎಲ್-11ಸಿ, ಅಂದರೆ ಅಂಗಡಿ ಸರ್ಕಾರದ್ದೇ. ಪ್ಲಾಂಟರ್‌ಗಳ ಕ್ಲಬ್ಬಿಗೂ ಸಂತೆ ಪಕ್ಕದ ವೈನ್ ಶಾಪಿಗೂ ಒಂದೇ ಬಣ್ಣ ಬಳಿದರೆ ಆ ಮ್ಯಾಪ್ ನೋಡಿ ಏನೂ ತಿಳಿಯೋದಿಲ್ಲ.

ಇನ್ನು ದೂರದ ವಿಷಯ. ನಮ್ಮ ರಾಜ್ಯದ 1967ರ ಅಬಕಾರಿ ಸನ್ನದು ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ದೇವಸ್ಥಾನದಂಥ ಜಾಗ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಸನ್ನದು ಕೊಡಬಾರದು. ಕೇಳೋದಕ್ಕೆ ಸುಲಭ. ಶಾಲೆಯ ಸುತ್ತ 100 ಮೀಟರಿನ ಒಂದು ವೃತ್ತ ಎಳೆದು, ಒಳಗೆ ಬಿದ್ದ ಬಾರ್‌ಗಳನ್ನೆಲ್ಲ "ಅಕ್ರಮ" ಅಂತ ಪೋಸ್ಟ್ ಹಾಕಿಬಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನ್ಯೂಯಾರ್ಕಿನಲ್ಲಿ ಬಾಗಿಲಿನಿಂದ ಬಾಗಿಲಿಗೆ ನೇರ ಗೆರೆ ಹಿಡಿದು ಅಳೆಯುತ್ತಾರೆ. ನಮ್ಮಲ್ಲಿ ಅಂಗಡಿ ಬಾಗಿಲಿನ ಮಧ್ಯದಿಂದ ಆ ಸಂಸ್ಥೆಯ ಗೇಟಿನ ಮಧ್ಯದವರೆಗೆ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು.

ಬಯಲು ಸೀಮೆಯಲ್ಲಿ ಇದರಿಂದ ಅಂಥ ವ್ಯತ್ಯಾಸ ಆಗದೇ ಇರಬಹುದು. ಮಡಿಕೇರಿಯಂಥ ಗುಡ್ಡದ ಊರಿನಲ್ಲಿ ಎಲ್ಲವೂ ಇದರ ಮೇಲೆಯೇ ನಿಂತಿದೆ. ಮೇಲಿನ ರಸ್ತೆಯಲ್ಲಿ ಬಾರ್, ಕೆಳಗಿನ ರಸ್ತೆಯಲ್ಲಿ ಶಾಲೆ ಅಂದುಕೊಳ್ಳಿ. ಕಿಟಕಿಯಿಂದ ಬಗ್ಗಿದರೆ ಮೈದಾನ ಕಾಣುತ್ತದೆ. ಆದರೆ ರಸ್ತೆ ಹಿಡಿದು ತಿರುವು ಸುತ್ತಿಕೊಂಡು ಇಳಿದರೆ 100 ಮೀಟರ್ ಯಾವಾಗಲೋ ದಾಟಿರುತ್ತದೆ. ನಡುವೆ ಮೆಟ್ಟಿಲು ಇದ್ದು, ಮಕ್ಕಳು ದಿನಾ ಅದರಲ್ಲೇ ಇಳಿಯುತ್ತಿದ್ದರೆ? ಆಗ ಲೆಕ್ಕವೇ ಬೇರೆ. ಆ ಮೆಟ್ಟಿಲು ಮ್ಯಾಪಿನಲ್ಲಿ ಇಲ್ಲ ಅಂದರೆ ವಾದ ಅಲ್ಲಿಗೇ ಬಿತ್ತು. ನನ್ನ ಕೇಳಿದರೆ ಬಾರ್‌ಗಳಿಗಿಂತ ಮೊದಲು ಗುರುತಿಸಬೇಕಾದದ್ದು ಕಾಲುದಾರಿ ಮತ್ತು ಮೆಟ್ಟಿಲುಗಳನ್ನು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ಮ್ಯಾಪಿನಲ್ಲಿ ಯಾರು ಬೇಕಾದರೂ ಇವನ್ನು ಸೇರಿಸಬಹುದು. ಇನ್ನೊಂದು ವಿಷಯ, ಅಂಗಡಿ ಮೊದಲು ಬಂತಾ ಶಾಲೆ ಮೊದಲು ಬಂತಾ ಅನ್ನೋದನ್ನೂ ನೋಡಬೇಕು. ಅದಕ್ಕೆ ಸನ್ನದಿನ ತಾರೀಕು ಬೇಕು.

ಹೆದ್ದಾರಿಯ ಕಥೆ ಇನ್ನೂ ಸ್ವಾರಸ್ಯ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂದಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನ ಇರುವ ಊರುಗಳಿಗೆ ಅದನ್ನು 220 ಮೀಟರ್ ಮಾಡಿತು. 2011ರ ಜನಗಣತಿಯಲ್ಲಿ ಮಡಿಕೇರಿಯದ್ದು 33 ಸಾವಿರ ದಾಟಿತ್ತು, ವಿರಾಜಪೇಟೆಯದ್ದು 20 ಸಾವಿರದ ಒಳಗೇ ಇತ್ತು. ಒಂದೇ ಜಿಲ್ಲೆಯ ಎರಡು ಪೇಟೆಗೆ ಎರಡು ಅಳತೆ! ಅದೇ ವರ್ಷ ಜುಲೈನಲ್ಲಿ ಪಟ್ಟಣಗಳ ಒಳಗಿನ ಅಂಗಡಿಗಳಿಗೆ ಈ ನಿಷೇಧ ಅನ್ವಯಿಸೋದಿಲ್ಲ ಅಂತಲೂ ಕೋರ್ಟ್ ಹೇಳಿತು. ಇದನ್ನೆಲ್ಲ ಬಾಯಲ್ಲಿ ವಿವರಿಸೋದಕ್ಕಿಂತ ಮ್ಯಾಪಿನಲ್ಲಿ ಪಟ್ಟಣದ ಗಡಿ ಎಳೆದು ತೋರಿಸೋದು ವಾಸಿ.

ಆದರೆ ನನಗೆ ನಿಜವಾಗಿ ಕಾಡೋದು ಆ 1967ರ ನಿಯಮದ ಇನ್ನೊಂದು ಮಾತು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಜಾಗದಲ್ಲಿ ಮದ್ಯದ ಸನ್ನದು ಕೊಡಬಾರದು ಅನ್ನುತ್ತದೆ ಅದು. ಸರಿ, ನಮ್ಮ ಜೇನುಕುರುಬರ, ಯರವರ ಹಾಡಿಗಳು, ಅಂದರೆ ಆದಿವಾಸಿಗಳ ವಸತಿಗಳು, ಯಾವ ಮ್ಯಾಪಿನಲ್ಲಿವೆ? ರೆಸಾರ್ಟು, ಹೋಂಸ್ಟೇ, ವ್ಯೂ ಪಾಯಿಂಟ್ ಎಲ್ಲ ಫೋಟೋ ಸಮೇತ ಸಿಗುತ್ತವೆ. ಹಾಡಿಗಳನ್ನು ಹುಡುಕಬೇಕು. ತೋಟದ ಕಾರ್ಮಿಕರು ಇರುವ ಲೈನ್‌ಮನೆಗಳಂತೂ ಎಸ್ಟೇಟ್ ಹೆಸರಿನ ಒಳಗೇ ಮುಚ್ಚಿಹೋಗಿರುತ್ತವೆ. ಹಾಡಿಯೇ ಕಾಣದ ಮ್ಯಾಪಿನಲ್ಲಿ ಹಾಡಿಯ ಪಕ್ಕದ ಅಂಗಡಿ ಹೇಗೆ ತಪ್ಪಾಗಿ ಕಾಣಬೇಕು?

ಕೆಲಸ ಸುಲಭ ಇಲ್ಲ. ಹಳ್ಳಿ ಕಡೆ ಅಂಗಡಿಯ ವಿಳಾಸ ಅಂದರೆ ಒಂದು ಸರ್ವೆ ನಂಬರ್, ಒಂದು ಗ್ರಾಮದ ಹೆಸರು. ಕಂಪ್ಯೂಟರಿಗೆ ಅದನ್ನು ಕೊಟ್ಟರೆ ಕಾಫಿ ತೋಟದ ನಟ್ಟನಡುವೆ ಪಿನ್ ಇಟ್ಟು ಕೂರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅಷ್ಟರ ಮಟ್ಟಿಗೆ ಸಹಾಯ. ಕೊನೆಗೆ ಒಬ್ಬರು ಅಂಗಡಿ ಬಾಗಿಲಿಗೆ ಹೋಗಿ ನಿಲ್ಲಲೇಬೇಕು. (ಮನೆಯವರಿಗೆ ಮೊದಲೇ ಹೇಳಿ ಹೋಗಿ.)

"ಕುಡಿತವನ್ನು ಪ್ರಚಾರ ಮಾಡ್ತೀರಾ?" ಅಂತ ಕೆಲವರು ಕೇಳುತ್ತಾರೆ. "ನೈತಿಕ ಪೊಲೀಸ್‌ಗಿರಿ ಶುರುವಾಯ್ತಾ?" ಅಂತ ಇನ್ನು ಕೆಲವರು. ಗುರುಕಾರಣರಿಗೆ (ತೀರಿಕೊಂಡ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವಾಗ ಮದ್ಯವನ್ನೂ ಇಡುವ ನಾಡಿನಲ್ಲಿ ನಾನು ಕುಡಿತದ ಬಗ್ಗೆ ಪ್ರವಚನ ಮಾಡೋದಕ್ಕೆ ಹೊರಟಿಲ್ಲ. ಮಾಲೀಕರ ಮನೆ ವಿಳಾಸ, ಫೋನ್ ನಂಬರ್ ಕೂಡ ಮ್ಯಾಪಿನಲ್ಲಿ ಬೇಡ. ಅಂಗಡಿ ಹೆಸರು, ಸನ್ನದಿನ ಬಗೆ, ಕೊಟ್ಟ ವರ್ಷ ಇಷ್ಟು ಸಾಕು.

ಮತ್ತೆ, ಖಾಲಿ ಜಾಗಗಳನ್ನೂ ಓದಬೇಕು. ಮ್ಯಾಪಿನಲ್ಲಿ ಒಂದೂ ಚುಕ್ಕೆ ಇಲ್ಲದ ಊರಿನ ಗೂಡಂಗಡಿಯಲ್ಲಿ ಬಟವಾಡೆ ದಿನ ಪ್ಯಾಕೆಟ್ ಎಣ್ಣೆ ಸಿಗುತ್ತದೆ ಅಂದರೆ, ಅದು ಯಾವುದೋ ಚುಕ್ಕೆ ಇರುವ ಅಂಗಡಿಯಿಂದಲೇ ಬಂದಿರಬೇಕಲ್ವಾ? ಶುಲ್ಕ ಕಟ್ಟಿ ನೆಟ್ಟಗೆ ವ್ಯಾಪಾರ ಮಾಡುವ ಬಾರ್‌ನವರೇ ಈ ಮ್ಯಾಪಿಗೆ ಮೊದಲು ಬೆಂಬಲ ಕೊಡಬೇಕು ಅಂತ ನನಗನ್ನಿಸೋದು ಇದಕ್ಕೇ.

ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಸನ್ನದುಗಳು ನವೀಕರಣ ಆಗೋದು ಆಗಲೇ, ಪಟ್ಟಿ ಕೇಳೋದಕ್ಕೂ ಅದೇ ಸರಿಯಾದ ಸಮಯ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಪಟ್ಟಿ ಕೈಗೆ ಬಂದ ಮೇಲೆ ಪೊನ್ನಂಪೇಟೆ, ಸೋಮವಾರಪೇಟೆ ಕಡೆ ಹಾಡಿಗಳ ದಾರಿ ಗೊತ್ತಿರುವವರು ಬೇಕು. ಬರುವವರು ಕಾಮೆಂಟ್‌ನಲ್ಲಿ ನಿಮ್ಮ ಊರಿನ ಹೆಸರು ಮಾತ್ರ ಹಾಕಿ, ಅಂಗಡಿ ಹೆಸರು ಈಗಲೇ ಬೇಡ.